ಬಲ್ಬಿನ ಲೆಕ್ಕ ಆಯಿತು, ಚಿಮಣಿಯ ಲೆಕ್ಕ ಕೊಡಿ

ಮಾನ್ಯ ಸಂಪಾದಕರೇ,

ಏಪ್ರಿಲ್, ಮೇ ಬಂತೆಂದರೆ ನಮ್ಮ ಕಡೆ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುತ್ತವೆ. ಅದೇ ಹೊತ್ತಿಗೆ ಪತ್ರಿಕೆಗಳಲ್ಲಿ ಭೂಮಿಯ ಬಿಸಿ ಇಳಿಸಲು ಮನೆಮಂದಿ ಏನು ಮಾಡಬೇಕು ಎಂಬ ಬರಹಗಳೂ ಶುರುವಾಗುತ್ತವೆ: ಬಲ್ಬು ಬದಲಿಸಿ, ಬಟ್ಟೆ ಚೀಲ ಒಯ್ಯಿರಿ, ಗಿಡ ನೆಡಿ, ಬೈಕ್ ಬಿಟ್ಟು ಸೈಕಲ್ ಹತ್ತಿ. ಯಾವುದೂ ಕೆಟ್ಟ ಸಲಹೆಯಲ್ಲ. ಆದರೆ ರಾಯಚೂರು, ಕೊಪ್ಪಳ, ಬಳ್ಳಾರಿಯ ಓದುಗರಿಗೆ ಇಷ್ಟೇ ಹೇಳಿ ಮುಗಿಸಿದರೆ ಲೆಕ್ಕ ತಪ್ಪುತ್ತದೆ. ರಾಜ್ಯ ಸರ್ಕಾರದ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳು ಮೂರೂ ಇಲ್ಲೇ ಇವೆ. ದೇಶದ ಅತಿ ದೊಡ್ಡ ಉಕ್ಕಿನ ಕಾರ್ಖಾನೆಗಳಲ್ಲಿ ಒಂದು ಇಲ್ಲಿದೆ. ಕೊಪ್ಪಳದ ಗಿಣಿಗೇರಾ ಸುತ್ತಮುತ್ತ ಮೆದು ಕಬ್ಬಿಣದ (ಸ್ಪಾಂಜ್ ಐರನ್) ಗೂಡುಗಳಿವೆ.

ಇದಕ್ಕೆ ಎದುರಾಗಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡುವ ಮಾತು ಇನ್ನೊಂದು: '100 ಕಂಪನಿಗಳೇ 71% ಹೊಗೆ ಬಿಡುತ್ತವೆ, ನಾವ್ಯಾಕೆ ತಲೆ ಕೆಡಿಸಿಕೊಳ್ಳಬೇಕು?' ಈ ಅಂಕಿ 2017ರ ಕಾರ್ಬನ್ ಮೇಜರ್ಸ್ ವರದಿಯದು. 1988ರಿಂದೀಚೆ ಜಗತ್ತಿನ ಕೈಗಾರಿಕಾ ಹಸಿರುಮನೆ ಅನಿಲಗಳಲ್ಲಿ 71% ಅನ್ನು ಅದು ಕಲ್ಲಿದ್ದಲು, ತೈಲ, ಅನಿಲ ತೆಗೆಯುವ 100 ಉತ್ಪಾದಕರ ಹೆಸರಿಗೆ ಬರೆದಿದೆ. ಹೆಚ್ಚಿನವರು ಓದದೇ ಬಿಟ್ಟ ಸಾಲು ಎಂದರೆ, ಅದರಲ್ಲಿ ಸುಮಾರು 90% ಆ ಇಂಧನವನ್ನು ಕೊಂಡವರು ಸುಟ್ಟಾಗ ಹೊರಬಂದದ್ದು. ನಿಮ್ಮ ಬೈಕಿನ ಒಂದು ಲೀಟರ್ ಪೆಟ್ರೋಲ್ ಸುಟ್ಟು ಬರುವ 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಕೂಡ ಯಾವುದೋ ತೈಲ ಕಂಪನಿಯ ಖಾತೆಯಲ್ಲಿದೆ. ಆ ಪಟ್ಟಿಯಲ್ಲಿ ನಮ್ಮ ಕೋಲ್ ಇಂಡಿಯಾವೂ ಇದೆ, ಅಂದರೆ ಸರ್ಕಾರವೂ ಇದೆ. ಒಂದೇ ಟನ್ನು ಎರಡು ಖಾತೆಯಲ್ಲಿ ಕೂತಿರುವಾಗ ಯಾರ ಖಾತೆ ದಪ್ಪ ಎಂದು ಜಗಳವಾಡಿ ಫಲವಿಲ್ಲ. ತೂಬು ಯಾರ ಕೈಯಲ್ಲಿದೆ ಎಂದು ನೋಡಬೇಕು. ಆ ಟನ್ನನ್ನು ತಡೆಯುವ ತೀರ್ಮಾನ ಯಾರು ಮಾಡಬಲ್ಲರೋ ಜವಾಬ್ದಾರಿ ಅವರದು.

ಹಾಗೆಂದು ದೊಡ್ಡ ಕಂಪನಿಗಳು ಅಮಾಯಕ ಎಂದೂ ಅಲ್ಲ. ಕಲ್ಲಿದ್ದಲು, ತೈಲ ಸುಟ್ಟರೆ ಭೂಮಿಯ ತಾಪ ಏರುತ್ತದೆ ಎಂದು ಎಕ್ಸಾನ್ ಕಂಪನಿಯ ಆಡಳಿತಕ್ಕೆ ಅದರದೇ ವಿಜ್ಞಾನಿ 1977ರಲ್ಲಿ ವಿವರಿಸಿದ್ದರು. ಪ್ರತಿಯೊಬ್ಬರೂ ತಮ್ಮ ಕಾರ್ಬನ್ ಹೆಜ್ಜೆಗುರುತು ಅಳೆದುಕೊಳ್ಳಿ ಎಂಬ ಮಾತನ್ನು ಜಾಹೀರಾತು ಕೊಟ್ಟು ಮನೆಮನೆಗೆ ಮುಟ್ಟಿಸಿದ್ದು 2000ದ ದಶಕದಲ್ಲಿ ಬಿಪಿ ಎಂಬ ತೈಲ ಕಂಪನಿ. ತೈಲ ಮಾರುವವರೇ ಗ್ರಾಹಕನ ಕೈಗೆ ತಕ್ಕಡಿ ಕೊಟ್ಟು, ತೂಗಿಕೋ ಎಂದ ಹಾಗಾಯಿತು.

ಈಗ ನಮ್ಮ ಜಿಲ್ಲೆಗಳ ಲೆಕ್ಕ. ತಿಂಗಳಿಗೆ 80 ಯೂನಿಟ್ ಕರೆಂಟು, ವರ್ಷಕ್ಕೆ 8 ಸಿಲಿಂಡರ್ ಗ್ಯಾಸು, ತಿಂಗಳಿಗೆ 15 ಲೀಟರ್ ಪೆಟ್ರೋಲ್ ಬಳಸುವ ಮನೆಯೊಂದನ್ನು ಹಿಡಿಯೋಣ. ಗ್ರಿಡ್ಡಿನ ಒಂದು ಯೂನಿಟ್ಟಿಗೆ ಸುಮಾರು 0.72 ಕೆ.ಜಿ. ಇಂಗಾಲದ ಡೈಆಕ್ಸೈಡ್ ಎಂಬುದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಲೆಕ್ಕ. ಹಾಗಾದರೆ ಕರೆಂಟಿನಿಂದ ವರ್ಷಕ್ಕೆ 690 ಕೆ.ಜಿ., 14.2 ಕೆ.ಜಿ.ಯ ಸಿಲಿಂಡರುಗಳಿಂದ 340, ಪೆಟ್ರೋಲಿನಿಂದ 415. ಎಲ್ಲ ಸೇರಿ ಒಂದೂವರೆ ಟನ್ನಿಗೆ ಸ್ವಲ್ಪ ಕಡಿಮೆ. 2011ರ ಜನಗಣತಿಯಲ್ಲಿ ರಾಯಚೂರು, ಕೊಪ್ಪಳ, ಅವಿಭಜಿತ ಬಳ್ಳಾರಿಯ ಜನಸಂಖ್ಯೆ ಸುಮಾರು 57.7 ಲಕ್ಷ. ಮನೆಗೆ ಐದು ಜನ ಎಂದರೆ ಹನ್ನೊಂದೂವರೆ ಲಕ್ಷ ಮನೆ, 17 ಲಕ್ಷ ಟನ್. ಎಲ್ಲ ಮನೆಯಲ್ಲೂ ಇಷ್ಟು ಬಳಕೆ ಇರುವುದಿಲ್ಲ, ಬೇಕೆಂದೇ ಹೆಚ್ಚು ಹಿಡಿದಿದ್ದೇನೆ.

ಇನ್ನೊಂದು ಕಡೆ ಮೂರು ಕಲ್ಲಿದ್ದಲು ಸ್ಥಾವರಗಳು: ಶಕ್ತಿನಗರದ ಆರ್‌ಟಿಪಿಎಸ್ 1,720 ಮೆಗಾವ್ಯಾಟ್, ಕುಡತಿನಿಯ ಬಿಟಿಪಿಎಸ್ 1,700, ಯರಮರಸ್ 1,600. ಒಟ್ಟು 5,020 ಮೆಗಾವ್ಯಾಟ್. ವರ್ಷದ ಸರಾಸರಿಯಲ್ಲಿ ಅರ್ಧ ಸಾಮರ್ಥ್ಯಕ್ಕಷ್ಟೇ ಓಡಿದವು ಎಂದಿಟ್ಟುಕೊಂಡರೂ ಸುಮಾರು 2,200 ಕೋಟಿ ಯೂನಿಟ್, 2 ಕೋಟಿ ಟನ್ನಿಗೆ ಮೇಲೆ ಇಂಗಾಲದ ಡೈಆಕ್ಸೈಡ್. ತೋರಣಗಲ್ಲಿನ ಜೆಎಸ್‌ಡಬ್ಲ್ಯು ಕಾರ್ಖಾನೆಯ ಸಾಮರ್ಥ್ಯ ವರ್ಷಕ್ಕೆ 1.2 ಕೋಟಿ ಟನ್ ಇದ್ದದ್ದು ವಿಸ್ತರಣೆಯಿಂದ ಇನ್ನೂ ಏರಿದೆ. ಹಳೆಯ ಸಾಮರ್ಥ್ಯವನ್ನೇ ಹಿಡಿದು, ಉಕ್ಕು ಸಚಿವಾಲಯ ಹೇಳುವ ದೇಶದ ಸರಾಸರಿಯಂತೆ ಟನ್ ಉಕ್ಕಿಗೆ ಎರಡೂವರೆ ಟನ್ ಎಂದು ಗುಣಿಸಿದರೆ 3 ಕೋಟಿ ಟನ್. ಕಂಪನಿಯ ಸ್ವಂತ ಅಂಕಿ ಬೇಕಾದವರು ಅದರ ವಾರ್ಷಿಕ ಸುಸ್ಥಿರತಾ ವರದಿಯಲ್ಲಿ ನೋಡಬಹುದು. ಷೇರುಪೇಟೆಯ ಮೊದಲ 1,000 ಕಂಪನಿಗಳು 2022–23ರಿಂದ ಇಂಥ ವರದಿ ಕೊಡಲೇಬೇಕೆಂದು ಸೆಬಿ ನಿಯಮವಿದೆ.

ಮನೆಯ ಕರೆಂಟಿನ ಹೊಗೆಯೂ ಸ್ಥಾವರದ ಚಿಮಣಿಯಲ್ಲೇ ಬರುವುದರಿಂದ ಈ ಎರಡನ್ನೂ ಕೂಡಿಸಬಾರದು. ಹೋಲಿಸಲು ಅಡ್ಡಿಯಿಲ್ಲ. ಹನ್ನೊಂದೂವರೆ ಲಕ್ಷ ಮನೆಗಳವರೂ ಒಟ್ಟಾಗಿ ಕರೆಂಟು ಬಳಕೆಯನ್ನು 10% ಇಳಿಸಿದರೆ ಉಳಿಯುವುದು ಸುಮಾರು 80 ಸಾವಿರ ಟನ್. ಮೂರು ಸ್ಥಾವರಗಳಲ್ಲಿ ಒಂದು ಯೂನಿಟ್ ಕರೆಂಟಿಗೆ ಸುಡುವ ಕಲ್ಲಿದ್ದಲನ್ನು ಬರೀ 2% ಇಳಿಸಿದರೆ 4 ಲಕ್ಷ ಟನ್ ಉಳಿಯುತ್ತದೆ. ಐದು ಪಟ್ಟು.

ಆ 2% ಎಲ್ಲಿಂದ ಬರಬೇಕು? ಹಳೆಯ 210 ಮೆಗಾವ್ಯಾಟ್ ಘಟಕವೊಂದು ಯೂನಿಟ್ಟಿಗೆ ಸುಮಾರು 2,500 ಕಿಲೋಕ್ಯಾಲರಿ ಶಾಖ ತಿನ್ನುತ್ತದೆ. ಕೆ.ಜಿ.ಗೆ 3,800 ಕಿಲೋಕ್ಯಾಲರಿಯ ಕಲ್ಲಿದ್ದಲಾದರೆ ಯೂನಿಟ್ಟಿಗೆ 650 ಗ್ರಾಂ, ಪೂರ್ತಿ ಸಾಮರ್ಥ್ಯದಲ್ಲಿ ಓಡಿದ ದಿನ 3,300 ಟನ್. ಸೋರಿಕೆ ಎಲ್ಲೆಲ್ಲಿ ಎಂದು ಸ್ಥಾವರದೊಳಗಿನ ಎಂಜಿನಿಯರುಗಳಿಗೆ ಚೆನ್ನಾಗಿ ಗೊತ್ತು. ಉಗಿಯನ್ನು ತಣಿಸಿ ನೀರಾಗಿಸುವ ಕಂಡೆನ್ಸರ್ ಕೊಳವೆಗಳಲ್ಲಿ ಪಾಚಿ, ಸುಣ್ಣ ಕಟ್ಟಿಕೊಂಡು ನಿರ್ವಾತ ಬೀಳುತ್ತದೆ, ಅದೇ ಉಗಿಯಿಂದ ಸಿಗುವ ಕರೆಂಟು ಇಳಿಯುತ್ತದೆ. ಬೇಸಿಗೆಯಲ್ಲಿ ಕೂಲಿಂಗ್ ಟವರಿನ ನೀರೂ ಬಿಸಿ ಇರುವುದರಿಂದ ಇನ್ನಷ್ಟು ಬೀಳುತ್ತದೆ. ಒಲೆಗೆ ಹೋಗುವ ಗಾಳಿಯನ್ನು ಹೊಗೆಯ ಶಾಖದಿಂದ ಕಾಯಿಸುವ ಏರ್ ಪ್ರೀಹೀಟರಿನ ಸೀಲು ಸವೆದರೆ ಗಾಳಿ ಹೊಗೆಯ ಕಡೆಗೆ ನುಗ್ಗಿ ಫ್ಯಾನುಗಳು ಸುಮ್ಮನೆ ದುಡಿಯುತ್ತವೆ. ಕಲ್ಲಿದ್ದಲು ಪುಡಿ ಮಾಡುವ ಮಿಲ್ಲಿನ ಉಂಡೆಗಳು ಸವೆದಾಗ ಪುಡಿ ದಪ್ಪವಾಗಿ, ಪೂರ್ತಿ ಉರಿಯದ ಇಂಗಾಲ ಬೂದಿಯ ಜೊತೆ ಹೋಗುತ್ತದೆ. ಇದು ಸಿಮೆಂಟಿಗೆ ಹಾರುಬೂದಿ ಕೊಳ್ಳುವವರಿಗೂ ಬೇಡವಾದ ಬೂದಿ. ಇದನ್ನೆಲ್ಲ ಸರಿಪಡಿಸಲು ಘಟಕ ನಿಲ್ಲಿಸಬೇಕು, ಬಿಡಿಭಾಗ ಹೊತ್ತಿಗೆ ಬರಬೇಕು, ಟೆಂಡರ್ ಆಗಬೇಕು. ವಾರ್ಷಿಕ ದುರಸ್ತಿಯನ್ನು ಬೇಸಿಗೆಯ ಬೇಡಿಕೆಯ ನೆಪದಲ್ಲಿ ಮುಂದೂಡುತ್ತ ಹೋದರೆ ಆ 2% ಹೊಗೆಯಾಗಿ ಹೋಗುತ್ತಲೇ ಇರುತ್ತದೆ. ಇವು ಯಾವ ಸಾಹುಕಾರನ ಕಾರ್ಖಾನೆಯೂ ಅಲ್ಲ. ಯರಮರಸ್‌ನಲ್ಲಿ ಬಿಎಚ್‌ಇಎಲ್ ಪಾಲು ಇರುವುದನ್ನು ಬಿಟ್ಟರೆ ರಾಜ್ಯ ಸರ್ಕಾರದ ಕರ್ನಾಟಕ ವಿದ್ಯುತ್ ನಿಗಮದವು (ಕೆಪಿಸಿ). ಕಾರ್ಪೊರೇಟ್ ಎಂದಾಗ ಖಾಸಗಿಯವರತ್ತ ಮಾತ್ರ ಬೆರಳು ತೋರಿಸುವವರು ಇದನ್ನು ಗಮನಿಸಬೇಕು. ಇಲ್ಲಿನ ಮೊದಲ ಕಾರ್ಪೊರೇಟ್ ವಿಧಾನಸೌಧದಲ್ಲಿ ಕೂತಿದೆ.

ಇದಕ್ಕೇ ಅಂಟಿಕೊಂಡ ಮಾತು ಇನ್ನೊಂದು. ರಾಜ್ಯದಲ್ಲಿ ಸೌರ ವಿದ್ಯುತ್ ಹೆಚ್ಚಾದ ಮೇಲೆ ಮಧ್ಯಾಹ್ನ ಕಲ್ಲಿದ್ದಲು ಘಟಕಗಳನ್ನು ತಗ್ಗಿಸಿ ಓಡಿಸುತ್ತಾರೆ, ಸಂಜೆ ಮತ್ತೆ ಏರಿಸುತ್ತಾರೆ. ಅರ್ಧ ಹೊರೆಯಲ್ಲಿ ಓಡುವ ಘಟಕ ಯೂನಿಟ್ಟಿಗೆ ಹೆಚ್ಚು ಕಲ್ಲಿದ್ದಲು ತಿನ್ನುತ್ತದೆ. ತೀರ ತಗ್ಗಿಸಿದರೆ ಉರಿ ಆರದಂತೆ ಎಣ್ಣೆ ಸುಡಬೇಕಾಗುತ್ತದೆ. ಮಧ್ಯಾಹ್ನದ ಸೌರ ಕರೆಂಟನ್ನು ಮಧ್ಯಾಹ್ನವೇ ಬಳಸುವವರು ಯಾರು? ನೀರಾವರಿ ಪಂಪ್‌ಸೆಟ್ಟುಗಳು. ಹಗಲು ಹೊತ್ತು ತ್ರೀಫೇಸ್ ಕೊಡಿ ಎಂದು ರೈತರು ಕೇಳುತ್ತ ಬಂದದ್ದು ಹಾವು, ಚೇಳು, ನಿದ್ದೆಗೇಡಿನ ಕಾರಣಕ್ಕೆ. ಅದೇ ಬೇಡಿಕೆಯಲ್ಲಿ ಇಂಗಾಲದ ಉಳಿತಾಯವೂ ಇದೆ. ಆದರೆ ಫೀಡರಿನ ಸ್ವಿಚ್ಚು ರೈತನ ಹೊಲದಲ್ಲಿಲ್ಲ, ಜೆಸ್ಕಾಂ ಉಪಕೇಂದ್ರದಲ್ಲಿದೆ.

ಇನ್ನು ಮೆದು ಕಬ್ಬಿಣ. ತೂಬು ಯಾರ ಕೈಯಲ್ಲಿದೆ ಎಂಬುದು ಇದರಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ. ದಿನಕ್ಕೆ 100 ಟನ್ ತೆಗೆಯುವ ಒಂದು ತಿರುಗುಗೂಡು, ಅಂದರೆ ಕಿಲ್ನ್, ಒಂದು ಟನ್ ಮೆದು ಕಬ್ಬಿಣಕ್ಕೆ ಸುಮಾರು 1.5 ಟನ್ ಅದಿರು, ಗುಣ ನೋಡಿಕೊಂಡು 1ರಿಂದ 1.4 ಟನ್ ಕಲ್ಲಿದ್ದಲು, ಸ್ವಲ್ಪ ಡೋಲೋಮೈಟ್ ಬೇಡುತ್ತದೆ. ಒಳಗೆ 1,000 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಹೊರಬರುವ ಅನಿಲದಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದನ್ನು ಆಫ್ಟರ್ ಬರ್ನಿಂಗ್ ಚೇಂಬರಿನಲ್ಲಿ ಸುಟ್ಟ ಮೇಲೆ 900–950 ಡಿಗ್ರಿಯ ಬಿಸಿ ಗಾಳಿ ಉಳಿಯುತ್ತದೆ. ಇಲ್ಲಿಂದ ಮುಂದೆ ದಾರಿ ಎರಡು. ಒಂದು, ಬಾಯ್ಲರಿಗೆ ಬಿಟ್ಟು ಉಗಿ ತೆಗೆದು ಟರ್ಬೈನ್ ತಿರುಗಿಸುವುದು. ಇನ್ನೊಂದು, ನೀರು ಚಿಮುಕಿಸಿ ತಣ್ಣಗೆ ಮಾಡಿ, ಇಎಸ್‌ಪಿಯಲ್ಲಿ ಧೂಳು ಹಿಡಿದು ಚಿಮಣಿಗೆ ಬಿಡುವುದು. ಮೊದಲನೆಯದರಲ್ಲಿ ಒಂದು 100 ಟನ್ ಗೂಡಿನಿಂದ ಸುಮಾರು 2 ಮೆಗಾವ್ಯಾಟ್ ಕರೆಂಟು ಸಿಗುತ್ತದೆ. ವರ್ಷಕ್ಕೆ 300 ದಿನ ಓಡಿದರೆ 1.44 ಕೋಟಿ ಯೂನಿಟ್. ಮೇಲೆ ಹೇಳಿದ 80 ಯೂನಿಟ್ಟಿನ ಮನೆಗಳಾದರೆ 15 ಸಾವಿರ ಮನೆಗಳಿಗೆ ವರ್ಷವಿಡೀ ಸಾಕಾಗುವ ಕರೆಂಟು. ಎರಡನೆಯ ದಾರಿ ಹಿಡಿದ ಗೂಡು ಈ ಇಡೀ ಶಾಖವನ್ನು ನೀರೆರೆದು ಆರಿಸುತ್ತದೆ. ಇಂಥ ಒಂದು ಗೂಡಿನ ಪಕ್ಕದ ಊರಿನವರಿಗೆ ಎಲ್‌ಇಡಿ ಬಲ್ಬಿನ ಪಾಠ ಹೇಳುವಾಗ ನಾಲಿಗೆ ಸ್ವಲ್ಪ ತಡವರಿಸಬೇಕು.

ಬಾಯ್ಲರಿಗೂ ಮೊದಲು ತುರ್ತು ಚಿಮಣಿಯೊಂದಿರುತ್ತದೆ, ಅದರ ಮೇಲೊಂದು ಮುಚ್ಚಳ. ಕರೆಂಟು ಹೋದಾಗ, ಬಾಯ್ಲರ್ ಕೊಳವೆ ಒಡೆದಾಗ, ಒತ್ತಡ ಏರಿದಾಗ ಅನಾಹುತ ಆಗದಿರಲೆಂದು ಆ ಮುಚ್ಚಳ ತೆರೆಯಬೇಕು. ಅದು ಸುರಕ್ಷತೆಗೆ ಇಟ್ಟ ವ್ಯವಸ್ಥೆ, ದಿನದ ಬಳಕೆಗಲ್ಲ. ಮುಚ್ಚಳ ತೆರೆದರೆ ಅನಿಲ ಇಎಸ್‌ಪಿಯನ್ನು ಮುಟ್ಟದೆ ನೇರ ಮೇಲೆ ಹೋಗುತ್ತದೆ. ಮನೆಯ ಮಾಳಿಗೆ, ಹತ್ತಿ, ಬೆಳೆಯ ಎಲೆಯ ಮೇಲೆ ಕಪ್ಪು ಧೂಳು ಕೂರುವುದು ಹೀಗೆ. ಬಾಯ್ಲರ್ ಇರುವ ಘಟಕದಲ್ಲಿ ಮುಚ್ಚಳ ತೆರೆದರೆ ಮಾಲೀಕನಿಗೇ ನಷ್ಟ, ಕರೆಂಟು ನಿಲ್ಲುತ್ತದೆ. ಬಾಯ್ಲರ್ ಇಲ್ಲದ ಘಟಕದಲ್ಲಿ ಲಾಭ. ಇಎಸ್‌ಪಿ, ಹೊಗೆ ಎಳೆಯುವ ಐಡಿ ಫ್ಯಾನು, ನೀರಿನ ಪಂಪು ಓಡಿಸುವ ಖರ್ಚು ಉಳಿಯುತ್ತದೆ. ರಾತ್ರಿ ಹೊಗೆ ಹೆಚ್ಚು ಎಂಬ ದೂರು ಎಲ್ಲಿಂದ ಹೆಚ್ಚು ಬರುತ್ತದೋ ಅಲ್ಲಿ ಅಧಿಕಾರಿಗಳು ಮೊದಲು ನೋಡಬೇಕಾದ್ದು ಇದನ್ನು. ಪರಿಹಾರ ಗೊತ್ತಿರುವುದೇ. ಮುಚ್ಚಳಕ್ಕೆ ಲಿಮಿಟ್ ಸ್ವಿಚ್ಚು ಹಾಕಿ, ತೆರೆದ ಪ್ರತಿ ನಿಮಿಷವೂ ತಾನಾಗಿ ದಾಖಲಾಗುವಂತೆ ಮಾಡಿ, ಆ ದಾಖಲೆಯನ್ನು ಮಾಲಿನ್ಯ ನಿಯಂತ್ರಣ ಮಂಡಳಿಯ ಸರ್ವರಿಗೆ ಜೋಡಿಸುವುದು. ಮುಚ್ಚಳ ತೆರೆದೊಡನೆ ಕಲ್ಲಿದ್ದಲು ಹಾಕುವ ಕನ್ವೇಯರ್ ನಿಲ್ಲುವಂತೆ ಇಂಟರ್‌ಲಾಕ್ ಮಾಡುವುದು. ಇಎಸ್‌ಪಿಗೆ ಬೇರೆಯದೇ ವಿದ್ಯುತ್ ಮೀಟರು ಕೂರಿಸಿದರೆ ಇನ್ನೂ ಸುಲಭ. ಗೂಡು ಓಡಿದ ರಾತ್ರಿ ಇಎಸ್‌ಪಿ ಮೀಟರು ಓಡಿಲ್ಲವೆಂದರೆ ಬೇರೆ ಸಾಕ್ಷಿ ಬೇಡ.

ಗೂಡಿನೊಳಗೆ ಇನ್ನೊಂದು ರೋಗವಿದೆ. ಅದಿರಿನ ತುಂಡು 5ರಿಂದ 18 ಮಿ.ಮೀ. ಇರಬೇಕಾದಲ್ಲಿ ಪುಡಿ ಬೆರೆತರೆ, ಕಲ್ಲಿದ್ದಲಿನ ಬೂದಿ ಬೇಗ ಕರಗುವ ಜಾತಿಯದಾದರೆ, ಗಾಳಿ ಹೆಚ್ಚು ಕೊಟ್ಟು ತಾಪ ಏರಿಸಿದರೆ ಒಳಗೋಡೆಗೆ ಉಂಗುರದಂತೆ ಗಟ್ಟಿ ಪದರ ಬೆಳೆಯುತ್ತದೆ. ದಾರಿ ಕಿರಿದಾಗಿ ಕೊನೆಗೆ ಗೂಡು ನಿಲ್ಲಿಸಿ ಒಡೆದು ತೆಗೆಯಬೇಕು. ಆರಿಸಿ ಮತ್ತೆ ಕಾಯಿಸಲು ಸುಟ್ಟ ಇಂಧನವೆಲ್ಲ ದಂಡ. ಅದಿರನ್ನು ಜರಡಿ ಹಿಡಿಯುವುದರಲ್ಲಿ ಉಳಿಸಿದ ಹಣಕ್ಕಿಂತ ಹೆಚ್ಚು ಇಲ್ಲಿ ಹೋಗುತ್ತದೆ. ಕೊನೆಯಲ್ಲಿ ಉಳಿಯುವ ಡೋಲೋಚಾರ್‌ನಲ್ಲಿ ಇನ್ನೂ ಉರಿಯಬಲ್ಲ ಇಂಗಾಲವಿರುತ್ತದೆ, ಅದನ್ನು ಸುಡುವ ಬಾಯ್ಲರುಗಳೂ ಇವೆ. ಬಾಯ್ಲರ್ ಇಲ್ಲದವರಿಗೆ ಅದು ಬರೀ ಕರಿ ಗುಡ್ಡೆ.

ಚಿಕ್ಕ ಗೂಡುಗಳಿಗೆ ಕಾನೂನಿನ ಕಿಂಡಿಯೂ ಇದೆ. ಇಂಧನ ಸಂರಕ್ಷಣಾ ಕಾಯ್ದೆಯಡಿ ಕಬ್ಬಿಣ-ಉಕ್ಕು ಘಟಕಗಳನ್ನು 'ನಿಯೋಜಿತ ಬಳಕೆದಾರ' ಎಂದು ಗುರುತಿಸಲು 2007ರಲ್ಲಿ ಇಟ್ಟ ಮಿತಿ ವರ್ಷಕ್ಕೆ 30 ಸಾವಿರ ಟನ್ ತೈಲಕ್ಕೆ ಸಮಾನವಾದ ಇಂಧನ. 100 ಟನ್ನಿನ ಒಂದು ಗೂಡು ವರ್ಷಕ್ಕೆ 36 ಸಾವಿರ ಟನ್, ಕೆ.ಜಿ.ಗೆ 4,500 ಕಿಲೋಕ್ಯಾಲರಿಯ ಕಲ್ಲಿದ್ದಲು ಸುಟ್ಟರೆ ಈ ಅಳತೆಯಲ್ಲಿ 16 ಸಾವಿರದಷ್ಟಾಗುತ್ತದೆ. ಹೀಗೆ ಬಿಡಿಬಿಡಿಯಾಗಿ ನೋಡಿದರೆ ಪ್ರತಿ ಗೂಡೂ ಲೆಕ್ಕದಿಂದ ಹೊರಗೆ. ಒಂದೇ ರಸ್ತೆಯ ಬದಿಯ ಹತ್ತನ್ನು ಕೂಡಿಸಿದರೆ ದೊಡ್ಡ ಕಾರ್ಖಾನೆ. 2025ರ ಫೆಬ್ರುವರಿಯಲ್ಲಿ ಕೊಪ್ಪಳ ಬಂದ್ ಆದಾಗ ಜನ ಬೀದಿಗಿಳಿದದ್ದು ಧೂಳಿಗೆ, ಉಸಿರಿಗೆ. ಅದೇ ಮುಚ್ಚಳದಿಂದ ಇಂಗಾಲವೂ ಶಾಖವೂ ಹೋಗುತ್ತವೆ ಎಂಬುದನ್ನು ಹೋರಾಟದ ಮನವಿಗಳಲ್ಲಿ ಸೇರಿಸಿಕೊಂಡರೆ ಬಲ ಹೆಚ್ಚುತ್ತದೆ.

ದೊಡ್ಡ ಉಕ್ಕಿನ ಕಾರ್ಖಾನೆಯ ಕಥೆ ಬೇರೆ. ಅಲ್ಲಿ ಶಾಖ ಪೋಲಾಗಲು ಬಿಡುವುದಿಲ್ಲ, ಏಕೆಂದರೆ ಅದು ಹಣ. ಕೆಂಪಗಿನ ಕೋಕ್ ಮೇಲೆ ನೀರು ಸುರಿಯದೆ ಸಾರಜನಕ ಹಾಯಿಸಿ ಶಾಖ ಮರಳಿ ಪಡೆಯುವುದು, ಬ್ಲಾಸ್ಟ್ ಫರ್ನೇಸಿನ ತಲೆಯ ಒತ್ತಡದಿಂದ ಟರ್ಬೈನ್ ತಿರುಗಿಸುವುದು, ಇವೆಲ್ಲ ಬಲ್ಲ ವಿದ್ಯೆಗಳು. ಅಲ್ಲಿ ತಕರಾರು ಅಳತೆಯ ಕೋಲಿನದು. 2024ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಹಸಿರು ಉಕ್ಕಿನ ವ್ಯಾಖ್ಯೆಯ ಪ್ರಕಾರ ಟನ್ನಿಗೆ 2.2 ಟನ್ನಿಗಿಂತ ಕಡಿಮೆ ಇಂಗಾಲದ ಡೈಆಕ್ಸೈಡ್ ಬಿಟ್ಟ ಉಕ್ಕು 'ಹಸಿರು', 1.6ಕ್ಕಿಂತ ಕೆಳಗಿಳಿದರೆ ಐದು ನಕ್ಷತ್ರ. 2023ರ ಕಾರ್ಬನ್ ಕ್ರೆಡಿಟ್ ವ್ಯಾಪಾರ ಯೋಜನೆಯೂ ಟನ್ನಿಗೆ ಎಷ್ಟು ಎಂದೇ ಅಳೆಯುತ್ತದೆ. ಈಗ ಈ ಗಣಿತ ನೋಡಿ. 1.2 ಕೋಟಿ ಟನ್ ಉಕ್ಕು, ಟನ್ನಿಗೆ 2.5ರಂತೆ 3 ಕೋಟಿ. ಸಾಮರ್ಥ್ಯ 1.8 ಕೋಟಿಗೆ ಏರಿ, ಟನ್ನಿಗೆ 2ಕ್ಕೆ ಇಳಿದರೆ 3.6 ಕೋಟಿ. ವರದಿಯಲ್ಲಿ 20% ಇಳಿಕೆ, ಆಕಾಶದಲ್ಲಿ 20% ಏರಿಕೆ. ಎರಡೂ ನಿಜ. ಕಂಪನಿಗಳ ಪುಸ್ತಕದಲ್ಲಿ ಮೊದಲನೆಯದೇ ದಪ್ಪ ಅಕ್ಷರದಲ್ಲಿರುತ್ತದೆ.

ಮರ ನೆಟ್ಟು ಸರಿದೂಗಿಸುತ್ತೇವೆ ಎಂಬ ಮಾತಿಗೂ ಒಂದು ಭಾಗಾಕಾರ ಸಾಕು. ಒಂದು ಎಕರೆ ಒಳ್ಳೆಯ ತೋಪು ವರ್ಷಕ್ಕೆ ಧಾರಾಳವಾಗಿ 4 ಟನ್ ಹೀರುತ್ತದೆ ಎಂದುಕೊಂಡರೂ 3 ಕೋಟಿ ಟನ್ನಿಗೆ 75 ಲಕ್ಷ ಎಕರೆ ಬೇಕು. ರಾಯಚೂರು, ಕೊಪ್ಪಳ, ಅವಿಭಜಿತ ಬಳ್ಳಾರಿ ಮೂರನ್ನೂ ಊರು, ಕೆರೆ, ಹೊಲ ಬಿಡದೆ ಅಳೆದರೆ ಸುಮಾರು 55 ಲಕ್ಷ ಎಕರೆ.

ಇಷ್ಟು ಹೇಳಿ ಭತ್ತದ ಗದ್ದೆಯನ್ನು ಬಿಟ್ಟರೆ ಅದು ಪಕ್ಷಪಾತ. ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದ ನೀರು ನಿಂತ ಗದ್ದೆಗಳಿಂದ ಮೀಥೇನ್ ಏಳುತ್ತದೆ. ಕೆಸರಿನಲ್ಲಿ ಆಮ್ಲಜನಕ ಇಲ್ಲದೆ ಹುಲ್ಲು, ಬೇರು ಕೊಳೆಯುವುದರಿಂದ ಹುಟ್ಟುವ ಅನಿಲ ಅದು, ಕೆ.ಜಿ.ಗೆ ಕೆ.ಜಿ. ಹೋಲಿಸಿದರೆ ನೂರು ವರ್ಷದ ಅವಧಿಯಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಬಿಸಿ ಮಾಡುತ್ತದೆ. ದಕ್ಷಿಣ ಏಷ್ಯಾಕ್ಕೆ ಐಪಿಸಿಸಿ ಕೊಟ್ಟ ಸರಾಸರಿಯಲ್ಲಿ ಲೆಕ್ಕ ಹಾಕಿದರೆ 120 ದಿನದ ಬೆಳೆಗೆ ಎಕರೆಗೆ 40 ಕೆ.ಜಿ. ಮೀಥೇನ್, ಅಂದರೆ ಒಂದು ಟನ್ನಿಗೂ ಸ್ವಲ್ಪ ಮೇಲೆ. ಐದೆಕರೆ ಭತ್ತ ಬೆಳೆಯುವವರ ಒಂದು ಬೆಳೆಯ ಲೆಕ್ಕ ಮೇಲಿನ ನಾಲ್ಕು ಮನೆಗಳ ವರ್ಷದ ಲೆಕ್ಕಕ್ಕೆ ಸಮ. 'ವ್ಯಕ್ತಿಯಿಂದ ಏನೂ ಆಗುವುದಿಲ್ಲ' ಎನ್ನುವವರ ಮಾತು ಇಲ್ಲಿ ನಿಲ್ಲುವುದಿಲ್ಲ.

ಇಳಿಸುವ ವಿಧಾನ ಸರಳ. ಒಂದಡಿ ಉದ್ದ, ನಾಲ್ಕರಿಂದ ಆರು ಇಂಚು ಅಗಲದ ಪಿವಿಸಿ ಪೈಪು ತಗೊಂಡು ಕೆಳಗಿನ ಅರ್ಧಕ್ಕೆ ಸುತ್ತ ತೂತು ಕೊರೆದು, ಆ ಭಾಗವನ್ನು ಮಣ್ಣಲ್ಲಿ ಹೂತು, ಒಳಗಿನ ಮಣ್ಣು ತೆಗೆಯಬೇಕು. ನಾಟಿಯಾದ ಮೇಲೆ ಕಳೆ ಏಳದಂತೆ ಮೊದಲ ಎರಡು ವಾರ ನೀರು ನಿಲ್ಲಿಸಿ, ಆಮೇಲೆ ಪೈಪಿನೊಳಗಿನ ನೀರು ನೆಲಮಟ್ಟದಿಂದ 15 ಸೆಂ.ಮೀ. ಕೆಳಗಿಳಿದಾಗ ಮಾತ್ರ ಎರಡಿಂಚು ನೀರು ಕಟ್ಟಬೇಕು. ಹೂವಾಡುವ ಹೊತ್ತಿನಲ್ಲಿ ಹಿಂದೊಂದು ವಾರ, ಮುಂದೊಂದು ವಾರ ಒಣಗಲು ಬಿಡಬಾರದು, ಜೊಳ್ಳಾಗುತ್ತದೆ. ಯೂರಿಯಾವನ್ನು ನೀರು ಕಟ್ಟುವ ಮುಂಚೆ ಹಾಕಬೇಕು. ಹಾಕಿದ ಮೇಲೆ ಗದ್ದೆ ಒಣಗಿಸಿ ಮತ್ತೆ ನೆನೆಸಿದರೆ ಅದು ನೈಟ್ರಸ್ ಆಕ್ಸೈಡ್ ಆಗಿ ಹೋಗಿ, ಮೀಥೇನಿನಲ್ಲಿ ಉಳಿಸಿದ್ದರ ಒಂದು ಪಾಲು ಅಲ್ಲಿ ಕಳೆಯುತ್ತದೆ. ಸರಿಯಾಗಿ ಮಾಡಿದರೆ ಮೀಥೇನ್ ಮೂರನೇ ಒಂದರಿಂದ ಅರ್ಧದವರೆಗೆ ಇಳಿಯುತ್ತದೆ, ಇಳುವರಿ ಕಡಿಮೆಯಾಗುವುದಿಲ್ಲ.

ಹಾಗಾದರೆ ರೈತರು ಯಾಕೆ ಮಾಡುತ್ತಿಲ್ಲ? ಎರೆಮಣ್ಣು ಒಮ್ಮೆ ಆಳವಾಗಿ ಬಿರುಕು ಬಿಟ್ಟರೆ ಮುಂದಿನ ನೀರು ಬಿರುಕಿನಲ್ಲೇ ಇಳಿದುಹೋಗುತ್ತದೆ. ಆದ್ದರಿಂದ ಇಲ್ಲಿ 15 ಸೆಂ.ಮೀ.ಗೆ ಕಾಯದೆ ಕೂದಲುಬಿರುಕು ಕಂಡಾಗಲೇ ನೀರು ಕೊಡಬೇಕು. ಸವಳು ಭೂಮಿಯಲ್ಲಿ ಒಣಗಿಸಿದರೆ ಉಪ್ಪು ಮೇಲೇಳುತ್ತದೆ, ಅಲ್ಲಿ ಈ ವಿಧಾನವೇ ಬೇಡ. ಇವೆರಡನ್ನೂ ದಾಟಿದ ಕಾರಣ ಕಾಲುವೆ. ಬೇಕಾದ ದಿನ ನೀರು ಬರುತ್ತದೆ ಎಂಬ ನಂಬಿಕೆ ಇದ್ದವನು ಮಾತ್ರ ಗದ್ದೆ ಒಣಗಲು ಬಿಟ್ಟಾನು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ಮಾನ್ವಿ, ರಾಯಚೂರಿನ ರೈತನಿಗೆ ಆ ನಂಬಿಕೆ ಇಲ್ಲ, ಬಂದಾಗ ತುಂಬಿಕೊಳ್ಳುತ್ತಾನೆ. ಮೇಲ್ಭಾಗದಲ್ಲಿ ಬೆಳೆ ಪದ್ಧತಿ ಉಲ್ಲಂಘಿಸಿ ಭತ್ತ ಹಾಕಿದವರಿಗೆ ನೀರು ಸದಾ ಇರುವುದರಿಂದ ಅವರೂ ತುಂಬಿಕೊಳ್ಳುತ್ತಾರೆ. ಕಾಲುವೆ ನೀರಿನ ಆನ್-ಆಫ್ ಸರದಿಯನ್ನು ಹತ್ತು ದಿನಕ್ಕೊಮ್ಮೆ ಖಚಿತ ಎಂದು ನೀರಾವರಿ ಸಲಹಾ ಸಮಿತಿಯ (ಐಸಿಸಿ) ಸಭೆಯಲ್ಲಿ ಗೊತ್ತುಮಾಡಿ, ಕೊನೆ ತೂಬಿನ ತನಕ ಪಾಲಿಸಿದರೆ ಪೈಪು ಹೂಳಲು ರೈತನಿಗೆ ಯಾರೂ ಉಪದೇಶ ಮಾಡಬೇಕಿಲ್ಲ. ಕೂರಿಗೆಯಲ್ಲಿ ಒಣಭತ್ತ ಬಿತ್ತುವವರು ಈಗಾಗಲೇ ನೀರು, ಕೂಲಿ, ಮೀಥೇನ್ ಮೂರನ್ನೂ ಉಳಿಸುತ್ತಿದ್ದಾರೆ.

ಮನೆಯ ಮಟ್ಟಿಗೆ ನಿಜಕ್ಕೂ ತೂಕವಿರುವ ಕೆಲಸ ಎರಡೋ ಮೂರೋ. ಹಳೆಯ 75 ವ್ಯಾಟ್ ಫ್ಯಾನಿನ ಬದಲು 30–35 ವ್ಯಾಟಿನ ಬಿಎಲ್‌ಡಿಸಿ ಫ್ಯಾನು. ದಿನಕ್ಕೆ 15 ತಾಸಿನ ಬಳಕೆಯಲ್ಲಿ ವರ್ಷಕ್ಕೆ 220ರಿಂದ 245 ಯೂನಿಟ್ಟಿನಷ್ಟು ಉಳಿತಾಯ. ಮಾಳಿಗೆಗೆ ಬೇಸಿಗೆಗೆ ಮುಂಚೆ ಸುಣ್ಣ. ಸ್ವಂತ ಛಾವಣಿ ಇದ್ದವರಿಗೆ ಸೌರ ವಿದ್ಯುತ್ತಿನ ಸೂರ್ಯಘರ್ ಯೋಜನೆ: ಒಂದು ಕಿಲೋವ್ಯಾಟಿಗೆ 30 ಸಾವಿರ, ಎರಡಕ್ಕೆ 60, ಮೂರಕ್ಕೆ 78 ಸಾವಿರ ರೂಪಾಯಿ ಸಹಾಯಧನ, ಕಿಲೋವ್ಯಾಟಿಗೆ ವರ್ಷಕ್ಕೆ ಸುಮಾರು 1,400 ಯೂನಿಟ್. ಗೃಹಜ್ಯೋತಿಯಲ್ಲಿ ಶೂನ್ಯ ಬಿಲ್ ಬರುವ ಮನೆಗೆ ಇದರಲ್ಲಿ ಆಸಕ್ತಿ ಹುಟ್ಟುವುದು ಕಷ್ಟ; ಅದೂ ಸರ್ಕಾರದ ತೂಬೇ.

ಒಬ್ಬ ನಾಗರಿಕ ಬಲ್ಬಿಗಿಂತ ಹೆಚ್ಚು ಕೆಲಸ ಮಾಡಬಲ್ಲ ಜಾಗ, ಕಾರ್ಖಾನೆಗೆ ಪರಿಸರ ಅನುಮತಿ ಕೊಡುವ ಮುಂಚೆ ನಡೆಯುವ ಸಾರ್ವಜನಿಕ ಆಲಿಕೆ ಸಭೆ. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಕನಿಷ್ಠ 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ಒಂದು ಕನ್ನಡ ಪತ್ರಿಕೆಯಲ್ಲೂ ಬರಬೇಕು. ಕರಡು ವರದಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಕೈಗಾರಿಕಾ ಕೇಂದ್ರದಲ್ಲಿ ನೋಡಲು ಸಿಗಬೇಕು, ಸಾರಾಂಶ ಕನ್ನಡದಲ್ಲಿರಬೇಕು. ಸಭೆಗೆ ಹೋಗಲಾಗದವರು ಲಿಖಿತವಾಗಿ ಕೊಡಬಹುದು. ಅಲ್ಲಿ ಭಾಷಣಕ್ಕಿಂತ ಪ್ರಶ್ನೆ ಮೇಲು, ಉತ್ತರ ನಡಾವಳಿಯಲ್ಲಿ ದಾಖಲಾಗುತ್ತದೆ. ವರ್ಷಕ್ಕೆ ಎಷ್ಟು ಟನ್ ಕಲ್ಲಿದ್ದಲು, ಯಾವ ಗುಣಮಟ್ಟದ್ದು, ಅದರಲ್ಲಿ ಇಂಗಾಲ ಎಷ್ಟು ಪ್ರತಿಶತ ಎಂದು ಕೇಳಿ. ಉತ್ತರ ಬಂದ ಮೇಲೆ ಗುಣಾಕಾರ ನಮ್ಮ ಕೈಯಲ್ಲೇ ಇದೆ: ಇಂಗಾಲದ ತೂಕವನ್ನು 44ರಿಂದ ಗುಣಿಸಿ 12ರಿಂದ ಭಾಗಿಸಬೇಕು. 40% ಇಂಗಾಲವಿರುವ ಒಂದು ಟನ್ ಕಲ್ಲಿದ್ದಲು ಪೂರ್ತಿ ಉರಿದರೆ 1.47 ಟನ್. ಚಿಮಣಿಗೆ ಕೂರಿಸಿದ ಆನ್‌ಲೈನ್ ಮೀಟರುಗಳು ಧೂಳು, ಗಂಧಕ, ಸಾರಜನಕದ ಆಕ್ಸೈಡುಗಳನ್ನು ನೋಡುತ್ತವೆ. ಇಂಗಾಲದ ಡೈಆಕ್ಸೈಡಿಗೆ ನಮ್ಮಲ್ಲಿ ಚಿಮಣಿಯ ಮಿತಿ ಎಂಬುದೇ ಇಲ್ಲ. ಹಾಗಾಗಿ ಕಲ್ಲಿದ್ದಲಿನ ತೂಕದ ಚೀಟಿಯೇ ಮೀಟರು. ಶಾಖ ಮರುಬಳಕೆಯ ಬಾಯ್ಲರ್ ಮೊದಲ ದಿನದಿಂದ ಇರುತ್ತದೋ 'ಎರಡನೇ ಹಂತ'ಕ್ಕೆ ಇಟ್ಟಿದ್ದಾರೋ ಎಂದೂ ಕೇಳಿ. ಎರಡನೇ ಹಂತ ಬಹಳ ಸಲ ಬರುವುದೇ ಇಲ್ಲ. ಅನುಮತಿ ಸಿಕ್ಕ ಕಾರ್ಖಾನೆಗಳು ಪ್ರತಿ ವರ್ಷ ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ಷರತ್ತು ಪಾಲನೆಯ ವರದಿ ಕೊಡಬೇಕು, ಅದು ಸಾರ್ವಜನಿಕ ದಾಖಲೆ.

ಸರ್ಕಾರ ತನ್ನ ಕೈಯಲ್ಲಿದ್ದ ಒಂದು ತೂಬನ್ನು ಹೇಗೆ ಬಳಸಿತು ಎಂಬುದನ್ನೂ ಬರೆಯಬೇಕು. 2010ರಲ್ಲಿ ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂಪಾಯಿ ಶುದ್ಧ ಇಂಧನ ಸೆಸ್ ಹಾಕಿದರು, 2016ರ ಹೊತ್ತಿಗೆ ಅದು 400 ಆಯಿತು. ಶುದ್ಧ ಇಂಧನಕ್ಕೆಂದು ಎತ್ತಿದ ಹಣ 2017ರಿಂದ ಜಿಎಸ್‌ಟಿ ಪರಿಹಾರದ ಖಾತೆಗೆ ತಿರುಗಿತು. 2025ರ ಸೆಪ್ಟೆಂಬರಿನಲ್ಲಿ ಸೆಸ್ಸೇ ಹೋಗಿ, ಜಿಎಸ್‌ಟಿ 5ರಿಂದ 18%ಕ್ಕೆ ಏರಿತು. ಟನ್ನಿಗೆ ಇಷ್ಟು ಎಂದಿದ್ದಾಗ ಹೆಚ್ಚು ಬೂದಿಯ ಅಗ್ಗದ ಕಲ್ಲಿದ್ದಲಿಗೂ ಒಳ್ಳೆಯದಕ್ಕೂ ಒಂದೇ ಹೊರೆ ಇತ್ತು. ಬೆಲೆಯ ಮೇಲೆ ಪ್ರತಿಶತ ಎಂದಾದಾಗ ಅಗ್ಗದ್ದಕ್ಕೆ ಹೊರೆ ಹಗುರ, ಹೊಗೆ ಮಾತ್ರ ಹಾಗೇ.

ಸಂಪಾದಕರಲ್ಲಿ ಒಂದು ಕೋರಿಕೆ. ಮಳೆಗಾಲದಲ್ಲಿ ತುಂಗಭದ್ರಾ ಜಲಾಶಯದ ಮಟ್ಟ, ಒಳಹರಿವು, ಹೊರಹರಿವು ಪ್ರತಿದಿನ ನಿಮ್ಮ ಜಿಲ್ಲಾ ಪುಟದಲ್ಲಿ ಬರುತ್ತದೆ. ಅದರ ಕೆಳಗೆ ಇನ್ನೊಂದು ಚಿಕ್ಕ ಚೌಕ ಹಾಕಿ: ಆರ್‌ಟಿಪಿಎಸ್, ಬಿಟಿಪಿಎಸ್, ಯರಮರಸ್, ನಿನ್ನೆ ಓಡಿದ ಘಟಕಗಳು, ಉತ್ಪಾದಿಸಿದ ಯೂನಿಟ್, ಕಲ್ಲಿದ್ದಲು ದಾಸ್ತಾನು. ಉತ್ಪಾದನೆಯ ಅಂಕಿ, ಕಲ್ಲಿದ್ದಲು ದಾಸ್ತಾನಿನ ಅಂಕಿ ಎರಡನ್ನೂ ಕೇಂದ್ರ ವಿದ್ಯುತ್ ಪ್ರಾಧಿಕಾರ ದಿನವೂ ಪ್ರಕಟಿಸುತ್ತದೆ. ಯಾರ ಅನುಮತಿಯೂ ಬೇಡ. ಜೂನ್ ಮತ್ತು ಡಿಸೆಂಬರಿನಲ್ಲಿ ಕಾರ್ಖಾನೆಗಳ ಪಾಲನಾ ವರದಿ ಬಂತೋ ಇಲ್ಲವೋ ಎಂಬ ಪಟ್ಟಿಯನ್ನು ತಾಲ್ಲೂಕುವಾರು ಹಾಕಿದರೆ ಇನ್ನೂ ಒಳ್ಳೆಯದು. ಮೊದಲ ಪಟ್ಟಿ ಕೊಪ್ಪಳ ತಾಲ್ಲೂಕಿನದಾಗಲಿ.

ಇಂತಿ,
ಒಬ್ಬ ಎನರ್ಜಿ ಆಡಿಟರ್, ಕೊಪ್ಪಳ